ಟವೆಲ್ ದೃಶ್ಯ ಬಂದಾಗ ಅಪ್ಪ ಎದ್ದು ಹೋದರು: ಪ್ರತಿರೋಧದ ಸಿನಿಮಾ ಏನನ್ನು ತೋರಿಸಬೇಕು?

ತುಂಗಾತೀರ (ಪ್ರಶ್ನೆ ಕೇಳಿದವರು), ಬುಧವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಸಮಾಧಾನದಿಂದ ಓದಿ. ಚಿತ್ರದ ಕೊನೆಯನ್ನೂ ಹೇಳಿದ್ದೇನೆ. ನೋಡದವರು ನೋಡಿ ಬಂದು ಓದಿದರೆ ಒಳ್ಳೆಯದು.

ಹೋದ ಭಾನುವಾರ ಅಪ್ಪನ ಜೊತೆ ಕೂತು ‘ಆರ್ಮಿ ಆಫ್ ಶ್ಯಾಡೋಸ್’ ನೋಡಿದೆ. ಝಾನ್ ಪಿಯೇರ್ ಮೆಲ್ವಿಲ್ ಅವರ 1969ರ ಫ್ರೆಂಚ್ ಚಿತ್ರ. ನಾನು ನೋಡಿದ್ದು ಮೂರನೇ ಸಲ, ಅಪ್ಪ ಮೊದಲ ಸಲ. ಅಪ್ಪನಿಗೆ 72 ವರ್ಷ. ಇಂಗ್ಲಿಷ್ ಸಬ್‌ಟೈಟಲ್ ಅಷ್ಟು ಬೇಗ ಓದಲು ಆಗುವುದಿಲ್ಲ. ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ. ಈ ಚಿತ್ರದಲ್ಲಿ ಆ ಕೆಲಸ ಸುಲಭ, ಯಾರೂ ಜಾಸ್ತಿ ಮಾತಾಡುವುದೇ ಇಲ್ಲ.

1942ರ ಅಕ್ಟೋಬರ್. ಫ್ರಾನ್ಸ್ ಜರ್ಮನ್ನರ ಹಿಡಿತದಲ್ಲಿದೆ. ಜೆರ್ಬಿಯೇ ಅಂತ ಒಬ್ಬ ನಡುವಯಸ್ಸಿನ ಇಂಜಿನಿಯರ್, ಅವನ ಸುತ್ತ ನಾಲ್ಕಾರು ಜನ, ಜರ್ಮನ್ನರ ವಿರುದ್ಧ ಗುಟ್ಟಾಗಿ ಹೋರಾಡುವ ಪ್ರತಿರೋಧದ ಗುಂಪು. ಇವರು ರೈಲು ಉಡಾಯಿಸುತ್ತಾರೆ, ಸೇತುವೆ ಬೀಳಿಸುತ್ತಾರೆ ಅಂತ ಅಪ್ಪ ಕಾಯುತ್ತಿದ್ದರು. ಅಂಥದ್ದು ಒಂದೂ ನಡೆಯುವುದಿಲ್ಲ. ಓಡುವುದು, ಅಡಗುವುದು, ಕಾಗದ ಸಾಗಿಸುವುದು, ಜೊತೆಯವರನ್ನು ಜೈಲಿನಿಂದ ಬಿಡಿಸಲು ನೋಡುವುದು. ಮುಕ್ಕಾಲು ಚಿತ್ರ ಇದೇ.

ಆಮೇಲೆ ಆ ದೃಶ್ಯ ಬಂತು. ಗುಂಪಿನಲ್ಲೇ ಇದ್ದ ಒಬ್ಬ ಹುಡುಗ ಬಾಯಿಬಿಟ್ಟಿದ್ದಾನೆ. ಅವನನ್ನು ಮಾರ್ಸೇ ಪಟ್ಟಣದ ಒಂದು ಬಾಡಿಗೆ ಮನೆಗೆ ಕರೆತರುತ್ತಾರೆ. ಪಿಸ್ತೂಲಿನಲ್ಲಿ ಮುಗಿಸುವುದು ಅಂತ ಲೆಕ್ಕ ಹಾಕಿರುತ್ತಾರೆ. ಆದರೆ ಪಕ್ಕದ ಮನೆಗೆ ಯಾರೋ ಹೊಸದಾಗಿ ಬಂದುಬಿಟ್ಟಿದ್ದಾರೆ. ಗೋಡೆ ತೆಳು, ಸದ್ದು ಕೇಳುತ್ತದೆ. ಹಾಗಾದರೆ ಹೇಗೆ ಅಂತ ಅಲ್ಲೇ ನಿಂತು ಮಾತಾಡುತ್ತಾರೆ. ಆ ಹುಡುಗನೂ ಅಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಾನೆ. ಕೊನೆಗೆ ಟವೆಲ್. ಇವರಲ್ಲಿ ಯಾರೂ ಮೊದಲು ಇಂಥ ಕೆಲಸ ಮಾಡಿದವರಲ್ಲ. ಗುಂಪಿನ ಕಿರಿಯವನು ಅಳುತ್ತಾನೆ.

ಟವೆಲ್ ಕೈಗೆ ಬಂದ ಕೂಡಲೇ ಅಪ್ಪ ಎದ್ದರು. ಹಿತ್ತಲ ಬಾಗಿಲು ತೆಗೆದ ಸದ್ದು ಕೇಳಿತು. ನಾನು ಚಿತ್ರ ನಿಲ್ಲಿಸಿದೆ. ಹತ್ತು ನಿಮಿಷ ಬಿಟ್ಟು ಬಂದರು, ಮುಖ ತೊಳೆದಿದ್ದರು. ಪಂಚೆಯ ಅಂಚಿನಲ್ಲಿ ಕೈ ಒರೆಸಿಕೊಂಡು ಕೂತು, “ಮುಂದೆ ಹಾಕು” ಎಂದರು. ಯಾಕಪ್ಪ ಎಂದು ಕೇಳಿದೆ. “ಅವನೂ ಅವರವನೇ ಅಲ್ವಾ” ಎಂದರು, ಅಷ್ಟೇ.

ಚಿತ್ರದ ಕೊನೆ ನಿಮಗೆ ಗೊತ್ತು. ಮತಿಲ್ದ್ ಗುಂಪಿನಲ್ಲೇ ಜಾಣೆ, ಗಟ್ಟಿಗಿತ್ತಿ. ಸಿಮೋನ್ ಸಿನ್ಯೋರೆ ಆ ಪಾತ್ರ ಮಾಡಿದ್ದಾರೆ. ಆಕೆ ಮಗಳ ಫೋಟೋ ಒಂದನ್ನು ಪರ್ಸಿನಲ್ಲಿ ಇಟ್ಟುಕೊಂಡಿರುತ್ತಾಳೆ. ಇಟ್ಟುಕೊಳ್ಳಬೇಡ ಎಂದು ಜೆರ್ಬಿಯೇ ಮೊದಲೇ ಹೇಳಿದ್ದ. ಆಕೆ ಸಿಕ್ಕಿಬಿದ್ದಾಗ ಆ ಫೋಟೋ ಜರ್ಮನ್ನರ ಕೈಗೆ ಸಿಗುತ್ತದೆ, ಅವರು ಮಗಳ ಹೆಸರಿನಲ್ಲಿ ಬೆದರಿಸುತ್ತಾರೆ. ಕೊನೆಗೆ ಆಕೆಯನ್ನು ನಡುಬೀದಿಯಲ್ಲಿ ಕಾರಿನಿಂದ ಗುಂಡು ಹಾರಿಸಿ ಕೊಲ್ಲುವವರು ಆಕೆಯ ಗೆಳೆಯರೇ. ಅದಾದ ಮೇಲೆ ಕಾರಿನಲ್ಲಿದ್ದ ಒಬ್ಬೊಬ್ಬರೂ ಎಂದು, ಹೇಗೆ ಸತ್ತರು ಅಂತ ಪರದೆಯ ಮೇಲೆ ಬರಹ ಬರುತ್ತದೆ. ಯಾರೂ ಉಳಿಯುವುದಿಲ್ಲ.

ಮೆಲ್ವಿಲ್ ಸ್ವತಃ ಪ್ರತಿರೋಧದಲ್ಲಿ ಇದ್ದವರು. ಅವರ ನಿಜವಾದ ಮನೆಹೆಸರು ಗ್ರುಂಬಾಕ್. ಮೆಲ್ವಿಲ್ ಎಂಬುದು ಆಗ ಇಟ್ಟುಕೊಂಡ ಗುಪ್ತನಾಮ, ಅದೇ ಉಳಿಯಿತು. ಕಥೆ ಜೋಸೆಫ್ ಕೆಸೆಲ್ ಅವರದು, ಯುದ್ಧ ನಡೆಯುತ್ತಿರುವಾಗಲೇ 1943ರಲ್ಲಿ ಅಚ್ಚಾದ ಪುಸ್ತಕ. ಅಂದರೆ ಒಳಗಿದ್ದವರೇ ಇದನ್ನು ಬರೆದು, ತೋರಿಸಿದ್ದಾರೆ. ಆದರೂ ಚಿತ್ರ ಬಂದಾಗ ಪ್ಯಾರಿಸ್ಸಿನ ಕೆಲವು ವಿಮರ್ಶಕರು ಇದು ಯುದ್ಧಕಾಲದಲ್ಲಿ ಪ್ರತಿರೋಧದ ನಾಯಕರಾಗಿದ್ದು ಆಮೇಲೆ ಅಧ್ಯಕ್ಷರಾದ ದ ಗಾಲ್ ಅವರನ್ನು ಹೊಗಳುವ ಚಿತ್ರ ಅಂತ ತಳ್ಳಿಹಾಕಿದರು. ಅವರ ಸರ್ಕಾರದ ವಿರುದ್ಧದ 1968ರ ವಿದ್ಯಾರ್ಥಿ ಚಳವಳಿ ಆಗಷ್ಟೇ ಮುಗಿದಿತ್ತು, ಆ ಹೆಸರು ಕೇಳಿದರೇ ಅವರಿಗೆ ಕೋಪ. ಅಮೆರಿಕದ ಥಿಯೇಟರುಗಳಿಗೆ ಈ ಚಿತ್ರ ಬಂದಿದ್ದು 2006ರಲ್ಲಿ. ಎಷ್ಟು ತಡ ನೋಡಿ.

ನನ್ನ ಪ್ರಶ್ನೆ ಇದು. ಪ್ರತಿರೋಧದ ಬಗ್ಗೆ ಚಿತ್ರ ಮಾಡುವವರು ಆ ಟವೆಲ್ಲನ್ನು ತೋರಿಸಲೇಬೇಕಾ? ತೋರಿಸಿದರೆ ಹೋರಾಡಿ ಸತ್ತವರಿಗೆ ಅವಮಾನ ಮಾಡಿದ ಹಾಗಾಗುತ್ತದಾ? ತೋರಿಸಲೇಬೇಕು ಅಂತ ನಾನು ಇಷ್ಟು ದಿನ ಗಟ್ಟಿಯಾಗಿ ನಂಬಿದ್ದೆ. ಅಪ್ಪ ಎದ್ದು ಹೋದ ಮೇಲೆ ಈ ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ.

---

ಕೊನೇಸಾಲು, ಗುರುವಾರ ಬೆಳಿಗ್ಗೆ

ಮೇಡಂ, ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಚಿತ್ರವನ್ನು ಸರಿಯಾಗಿ ನೋಡಿದ್ದಾರೆ, ಅದಕ್ಕೇ ಎದ್ದು ಹೋಗಿದ್ದಾರೆ.

ಬೆಂಗಳೂರು ಬನಶಂಕರಿಯ ಸುಚಿತ್ರಾ ಫಿಲ್ಮ್ ಸೊಸೈಟಿಯಲ್ಲಿ ಎಷ್ಟೋ ವರ್ಷಗಳಿಂದ ಕೊನೇ ಸಾಲಿನಲ್ಲಿ ಕೂತು ಚಿತ್ರ ನೋಡುತ್ತಾ ಬಂದವನು ನಾನು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ‘ದಿ ಅಸೆಂಟ್’. ಲರಿಸಾ ಶೆಪಿಟ್ಕೋ ಅವರ 1977ರ ಸೋವಿಯತ್ ಚಿತ್ರ. ಬೆಲಾರೂಸ್‌ನ ಲೇಖಕ ವಸೀಲ್ ಬೈಕೊವ್ ಅವರ ಕಾದಂಬರಿ ಆಧರಿಸಿದ್ದು. ಆ ವರ್ಷ ಬರ್ಲಿನ್ ಚಿತ್ರೋತ್ಸವದ ಗೋಲ್ಡನ್ ಬೇರ್ ಅದಕ್ಕೇ ಸಿಕ್ಕಿತು. ಎರಡು ವರ್ಷದ ನಂತರ ಶೆಪಿಟ್ಕೋ ಕಾರು ಅಪಘಾತದಲ್ಲಿ ತೀರಿಕೊಂಡರು. 41 ವರ್ಷ ವಯಸ್ಸು ಅಷ್ಟೇ.

ಇಬ್ಬರು ಗೆರಿಲ್ಲಾಗಳು ಹಿಮದಲ್ಲಿ ಅನ್ನ ಹುಡುಕಿಕೊಂಡು ಹೊರಡುತ್ತಾರೆ. ಸೊಟ್ನಿಕೊವ್ ರೋಗಿಷ್ಠ, ಕೆಮ್ಮುತ್ತಲೇ ಇರುತ್ತಾನೆ. ರಿಬಾಕ್ ಗಟ್ಟಿಮುಟ್ಟು ಆಳು, ಒಳ್ಳೆಯವನು. ಗಾಯಗೊಂಡ ಗೆಳೆಯನನ್ನು ಬಿಟ್ಟು ಓಡುವುದಿಲ್ಲ, ಹಿಮದಲ್ಲಿ ಎಳೆದುಕೊಂಡು ಬರುತ್ತಾನೆ. ಅವನನ್ನು ಮೊದಲ ಅರ್ಧ ಗಂಟೆಯಲ್ಲೇ ನಾವು ಇಷ್ಟಪಟ್ಟುಬಿಡುತ್ತೇವೆ. ಸಿಕ್ಕಿಬಿದ್ದ ಮೇಲೆ ಅವನೇ ಜರ್ಮನ್ನರ ಪರ ಕೆಲಸ ಮಾಡುವ ಪೊಲೀಸ್ ಪಡೆಗೆ ಸೇರಲು ಒಪ್ಪುತ್ತಾನೆ. ಸೊಟ್ನಿಕೊವ್ ಜೊತೆ ಒಬ್ಬ ಮುದುಕನನ್ನು, ಮೂರು ಮಕ್ಕಳ ತಾಯಿಯನ್ನು, ಒಂದು ಯಹೂದಿ ಹುಡುಗಿಯನ್ನು ಗಲ್ಲಿಗೆ ಹಾಕುತ್ತಾರೆ. ರಿಬಾಕ್ ನಿಂತು ನೋಡಬೇಕು. ಆಮೇಲೆ ಅವನು ಕಕ್ಕಸಿನ ಕೋಣೆಗೆ ಹೋಗಿ ಬೆಲ್ಟ್ ಬಿಚ್ಚಿ ನೇಣು ಹಾಕಿಕೊಳ್ಳಲು ನೋಡುತ್ತಾನೆ. ಅದೂ ಆಗುವುದಿಲ್ಲ.

ನಾನು ಅದನ್ನು ನೋಡಿ ಹೊರಗೆ ಬಂದಾಗ ಬಸ್ ಸ್ಟಾಪಿನಲ್ಲಿ ಎರಡು ಬಸ್ಸು ಬಿಟ್ಟೆ. ನನ್ನನ್ನು ಕಾಡಿದ್ದು ರಿಬಾಕ್. ಸೊಟ್ನಿಕೊವ್ ಹಾಗೆ ಸಾಯುವ ಧೈರ್ಯ ನನಗೆ ಇಲ್ಲ ಅಂತ ಗೊತ್ತು. ರಿಬಾಕ್ ಮಾಡಿದ್ದನ್ನು ನಾನು ಮಾಡುವುದಿಲ್ಲ ಅಂತ ಎದೆ ತಟ್ಟಿ ಹೇಳಲು ಆಗಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ತೋರಿಸಲೇಬೇಕು. ಶೆಪಿಟ್ಕೋ ರಿಬಾಕ್‌ನನ್ನು ಕೆಟ್ಟವನು ಅಂತ ಮೊದಲೇ ಗುರುತು ಹಚ್ಚಿ ತೋರಿಸಿದ್ದರೆ ನಾನು ಆರಾಮಾಗಿ ಮೊದಲ ಬಸ್ಸಿಗೇ ಹತ್ತುತ್ತಿದ್ದೆ.

---

ಗಾಂಧಿಬಜಾರ್, ಗುರುವಾರ ಸಂಜೆ

ಕೊನೇಸಾಲು ಸರ್ ಮಾತು ಒಪ್ಪುತ್ತೇನೆ, ಪೂರ್ತಿ ಅಲ್ಲ. ತೋರಿಸಬೇಕು, ಸರಿ. ಯಾರು ತೋರಿಸುತ್ತಿದ್ದಾರೆ ಅನ್ನುವುದೂ ಅಷ್ಟೇ ಮುಖ್ಯ. ಆಳಿದವರು ಬಂದು ಹೋರಾಟಗಾರರ ರಕ್ತದ ಕೈ ತೋರಿಸಿದರೆ ಅದಕ್ಕೆ ಬೇರೆಯೇ ಅರ್ಥ ಬರುತ್ತದೆ. ಮೆಲ್ವಿಲ್‌ಗೆ ಆ ಹಕ್ಕು ಇತ್ತು. ಎಲ್ಲರಿಗೂ ಇರುವುದಿಲ್ಲ.

‘ದಿ ಬ್ಯಾಟಲ್ ಆಫ್ ಆಲ್ಜಿಯರ್ಸ್’ ತೆಗೆದುಕೊಳ್ಳಿ, 1966ರದು. ನಿರ್ದೇಶಕ ಜಿಲ್ಲೊ ಪೊಂಟೆಕೊರ್ವೋ ಇಟಲಿಯವರು. ಅವರೂ ಯುದ್ಧಕಾಲದಲ್ಲಿ ಫ್ಯಾಸಿಸ್ಟರ ವಿರುದ್ಧ ಹೋರಾಡಿದ್ದವರು. ಫ್ರೆಂಚ್ ಆಳ್ವಿಕೆಯ ವಿರುದ್ಧ ಆಲ್ಜೀರಿಯಾ ನಡೆಸಿದ ಹೋರಾಟದ ನಾಯಕರಲ್ಲಿ ಒಬ್ಬರಾದ ಸಾದಿ ಯಾಸೆಫ್ ಈ ಚಿತ್ರದ ನಿರ್ಮಾಣದಲ್ಲಿದ್ದರು. ಅಷ್ಟೇ ಅಲ್ಲ, ತಮ್ಮದೇ ಬದುಕಿನಂಥ ಪಾತ್ರದಲ್ಲಿ ನಟಿಸಿದರು. ಅಂಥವರು ಬಾಂಬ್ ದೃಶ್ಯವನ್ನು ಹೇಗೆ ಇಟ್ಟಿದ್ದಾರೆ ಗೊತ್ತಾ? ಮೂವರು ಹೆಂಗಸರು ಕೂದಲು ಕತ್ತರಿಸಿ, ಯುರೋಪಿನವರ ಹಾಗೆ ಬಟ್ಟೆ ಹಾಕಿಕೊಂಡು, ಕೈಚೀಲದಲ್ಲಿ ಬಾಂಬ್ ಇಟ್ಟುಕೊಂಡು ತಪಾಸಣೆ ದಾಟುತ್ತಾರೆ. ನಾವು ಉಸಿರು ಬಿಗಿಹಿಡಿದು ಅವರು ದಾಟಲಿ ಅಂತ ಬಯಸುತ್ತೇವೆ. ದಾಟಿದ ಮೇಲೆ ಕ್ಯಾಮೆರಾ ಕೆಫೆಯೊಳಗೆ ಕೂತವರ ಮುಖಗಳನ್ನು ಒಂದೊಂದಾಗಿ ತೋರಿಸುತ್ತದೆ. ಅಲ್ಲಿ ಐಸ್‌ಕ್ರೀಮ್ ತಿನ್ನುತ್ತಿರುವ ಒಂದು ಮಗುವೂ ಇದೆ. ತಾವೇ ಗೆದ್ದ ಹೋರಾಟದ ಚಿತ್ರದಲ್ಲಿ ಆ ಮಗುವನ್ನು ಕತ್ತರಿಸದೆ ಉಳಿಸಿಕೊಂಡರಲ್ಲ. ಅದು ದೊಡ್ಡ ಧೈರ್ಯ.

ಇನ್ನೊಂದು ವಿಷಯ. ಅದರಲ್ಲಿ ಹೋರಾಟಗಾರರನ್ನು ಹಿಂಸಿಸಿ ಬಾಯಿ ಬಿಡಿಸುವ ಫ್ರೆಂಚ್ ಕರ್ನಲ್ ಇದ್ದಾನಲ್ಲ, ಅವನು ನಾಜಿಗಳ ವಿರುದ್ಧದ ಪ್ರತಿರೋಧದಲ್ಲಿ ಇದ್ದವನು ಅಂತ ಚಿತ್ರವೇ ಹೇಳುತ್ತದೆ. ಹದಿನೈದು ವರ್ಷದ ಹಿಂದೆ ಜೆರ್ಬಿಯೇ ಪಕ್ಕ ಕೂತಿರಬಹುದಾದ ಮನುಷ್ಯ! ಆ ಪಾತ್ರ ಮಾಡಿದ ಝಾನ್ ಮಾರ್ತಾಂ ಒಬ್ಬರೇ ಆ ಚಿತ್ರದ ವೃತ್ತಿನಟ. ನಿಜ ಜೀವನದಲ್ಲಿ ಅವರು ಆಲ್ಜೀರಿಯಾ ಯುದ್ಧವನ್ನು ಖಂಡಿಸಿ 1960ರಲ್ಲಿ 121 ಜನರ ಹೇಳಿಕೆಗೆ ಸಹಿ ಹಾಕಿದ್ದವರು. ಈ ಎರಡು ಚಿತ್ರಗಳನ್ನು ಒಂದೇ ವಾರದಲ್ಲಿ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಮೇಡಂ, ನೀವು ಒಂದು ದೃಶ್ಯ ಬಿಟ್ಟಿರಿ. ಕ್ಷೌರದ ಅಂಗಡಿ. ಜೆರ್ಬಿಯೇ ಜರ್ಮನ್ನರ ಗುಪ್ತ ಪೊಲೀಸರಾದ ಗೆಸ್ಟಾಪೋ ಕೈಯಿಂದ ತಪ್ಪಿಸಿಕೊಂಡು ಓಡಿ ಬಂದು ಅಲ್ಲಿ ನುಗ್ಗುತ್ತಾನೆ. ಗೋಡೆಯ ಮೇಲೆ ಜರ್ಮನ್ನರ ಜೊತೆ ಕೈಜೋಡಿಸಿದ ಪೆತಾಂ ಹೆಸರಿನ ಪೋಸ್ಟರ್ ಇದೆ. ಕತ್ತಿನ ಮೇಲೆ ಕತ್ತಿ. ಕ್ಷೌರಿಕ ಏನೂ ಮಾತಾಡದೆ ಗಡ್ಡ ಕೆರೆಯುತ್ತಾನೆ. ಹೊರಡುವಾಗ ಬೇರೆ ಬಣ್ಣದ ಒಂದು ಕೋಟು ತಂದು ಕೊಡುತ್ತಾನೆ. ನನಗೆ ಪ್ರತಿರೋಧ ಅಂದರೆ ಟವೆಲ್ ಎಷ್ಟೋ ಆ ಕೋಟೂ ಅಷ್ಟೇ.

---

ಹರಿಹರ_ಹುಡುಗ, ಗುರುವಾರ ರಾತ್ರಿ

ಗಾಂಧಿಬಜಾರ್ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ‘ಡೇಸ್ ಆಫ್ ಗ್ಲೋರಿ’, 2006, ರಶೀದ್ ಬೂಶರೆಬ್. ಫ್ರಾನ್ಸ್ ಬಿಡಿಸಲು ಉತ್ತರ ಆಫ್ರಿಕಾದಿಂದ ಬಂದು ಸತ್ತ ಸೈನಿಕರ ಕಥೆ. ಆ ವಸಾಹತುಗಳ ಮಾಜಿ ಸೈನಿಕರ ಪಿಂಚಣಿಯನ್ನು 1959ರಿಂದ ಏರಿಸದೆ ನಿಲ್ಲಿಸಿದ್ದರು. ಈ ಚಿತ್ರ ಬಂದ ಮೇಲೆ ಅಧ್ಯಕ್ಷ ಶಿರಾಕ್ ಸರ್ಕಾರ ಅದನ್ನು ಸರಿಮಾಡಲು ಹೊರಟಿತು. ನೂರು ವಿಮರ್ಶೆಗಿಂತ ಈ ಒಂದು ಕೆಲಸ ನನಗೆ ಜಾಸ್ತಿ. ನಮ್ಮ ಕಡೆಯಿಂದ ಎರಡನೇ ಮಹಾಯುದ್ಧಕ್ಕೆ ಹೋದವರು ಸುಮಾರು 25 ಲಕ್ಷ ಜನ. ಇಟಲಿಯನ್ನು ಬಿಡಿಸಿದ ಸೈನ್ಯದಲ್ಲಿ ಭಾರತದ ಮೂರು ಡಿವಿಷನ್ ಇದ್ದವು. ಯುರೋಪಿನ ಯುದ್ಧಚಿತ್ರ ನೋಡುವಾಗೆಲ್ಲ ನಾನು ಹಿಂದಿನ ಸಾಲಿನಲ್ಲಾದರೂ ಒಂದು ಪೇಟ ಕಾಣುತ್ತದಾ ಅಂತ ಹುಡುಕುತ್ತೇನೆ.

---

ಕಾವೇರಿ_ಲಂಡನ್, ಶುಕ್ರವಾರ ಮಧ್ಯಾಹ್ನ

ಹರಿಹರದ ತಮ್ಮ, ಪೇಟ ಇಲ್ಲದ ಒಬ್ಬರ ಬಗ್ಗೆ ಹೇಳುತ್ತೇನೆ ಕೇಳು.

ನಾನು ಶ್ರೀರಂಗಪಟ್ಟಣದವಳು, ಈಗ ಹದಿನಾಲ್ಕು ವರ್ಷದಿಂದ ಲಂಡನ್ನಿನಲ್ಲಿದ್ದೇನೆ. ಕೆಲಸಕ್ಕೆ ಹೋಗುವ ದಾರಿಯಲ್ಲಿ ಗೋರ್ಡನ್ ಸ್ಕ್ವೇರ್ ಅಂತ ಒಂದು ಪುಟ್ಟ ಪಾರ್ಕ್. ಅದರಲ್ಲಿ ನೂರ್ ಇನಾಯತ್ ಖಾನ್ ಅವರ ಎದೆಮಟ್ಟದ ಪ್ರತಿಮೆ ಇದೆ, 2012ರಲ್ಲಿ ಇಟ್ಟಿದ್ದು. ಮಳೆ ಬಂದ ದಿನ ಗಲ್ಲದ ಮೇಲೆ ನೀರು ಇಳಿಯುತ್ತಿರುತ್ತದೆ. ಟಿಪ್ಪು ಸುಲ್ತಾನರ ವಂಶದವರು ಆಕೆ. ನಮ್ಮೂರಿನ ಕೋಟೆಯಲ್ಲಿ ಆಡಿ ಬೆಳೆದ ನನಗೆ ಮೊದಲ ಸಲ ಆ ಹೆಸರು ಓದಿದಾಗ ಕಾಲು ಮುಂದೆ ಹೋಗಲಿಲ್ಲ.

ಸೂಫಿ ಮನೆತನ, ವೀಣೆ, ಮಕ್ಕಳಿಗೆ ಜಾತಕ ಕಥೆ ಬರೆದ ಕೈ. 1943ರ ಜೂನ್‌ನಲ್ಲಿ ಬ್ರಿಟನ್ನಿನವರು ಆಕೆಯನ್ನು ವೈರ್‌ಲೆಸ್ ಆಪರೇಟರ್ ಮಾಡಿ ಫ್ರಾನ್ಸಿಗೆ ಕಳಿಸಿದರು. ಗುಪ್ತನಾಮ ಮಡಲೀನ್. ಕೆಲವೇ ದಿನಗಳಲ್ಲಿ ಜೊತೆಯವರು ಸಾಲಾಗಿ ಸಿಕ್ಕಿಬಿದ್ದರು. ವಾಪಸ್ ಬಾ ಎಂದರೂ ಬರಲಿಲ್ಲ. ಸೂಟ್‌ಕೇಸಿನಲ್ಲಿ ಯಂತ್ರ ಹೊತ್ತು ಮನೆಯಿಂದ ಮನೆಗೆ ಜಾಗ ಬದಲಿಸುತ್ತಾ ಅಕ್ಟೋಬರ್‌ವರೆಗೆ ಸಂದೇಶ ಕಳಿಸಿದರು. ಯಾರೋ ಮಾರಿಬಿಟ್ಟರು. 1944ರ ಸೆಪ್ಟೆಂಬರ್ 13ರಂದು ನಾಜಿಗಳ ಡಾಖಾವ್ ಸೆರೆಶಿಬಿರದಲ್ಲಿ ಗುಂಡಿಟ್ಟು ಕೊಂದರು. ವಯಸ್ಸು 30.

2019ರಲ್ಲಿ ಬಂದ ‘ಎ ಕಾಲ್ ಟು ಸ್ಪೈ’ ಚಿತ್ರದಲ್ಲಿ ರಾಧಿಕಾ ಆಪ್ಟೆ ನೂರ್ ಆಗಿದ್ದಾರೆ. ಬರೆದವರೂ ನಿರ್ದೇಶಿಸಿದವರೂ ಹೆಂಗಸರು. ಒಳ್ಳೆಯ ಮನಸ್ಸಿನಿಂದ ಮಾಡಿದ ಚಿತ್ರ, ನನಗೆ ಇಷ್ಟವೇ. ಆದರೆ ತುಂಗಾತೀರ ಅವರು ಕೇಳಿದ ಪ್ರಶ್ನೆ ನನ್ನನ್ನು ಚುಚ್ಚಿತು. ನೂರ್ ಕಳಿಸಿದ ಸಂದೇಶಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದರು. ಅದು ಜರ್ಮನ್ನರ ಕೈಗೆ ಸಿಕ್ಕಿತು. ಅವರು ಆಕೆಯ ಹೆಸರಿನಲ್ಲಿ ಲಂಡನ್ನಿಗೆ ಸಂದೇಶ ಕಳಿಸಿದರು, ಲಂಡನ್ನಿನವರು ನಂಬಿದರು. 1944ರ ಫೆಬ್ರವರಿ ಕೊನೆಯಲ್ಲಿ ಮಡಲೀನ್ ದಾಮರ್ಮಾಂ ಎಂಬ ಹುಡುಗಿ ಪ್ಯಾರಾಶೂಟಿನಲ್ಲಿ ಇಳಿದಾಗ ಕೆಳಗೆ ಕಾಯುತ್ತಿದ್ದವರು ಗೆಸ್ಟಾಪೋ. ಡಾಖಾವ್‌ನಲ್ಲಿ ನೂರ್ ಜೊತೆ ಅದೇ ದಿನ ಕೊಂದ ಮೂವರಲ್ಲಿ ಆಕೆಯೂ ಒಬ್ಬಳು.

ಇದನ್ನು ತೋರಿಸಿದರೆ ನೂರ್ ಸಣ್ಣವರಾಗುತ್ತಾರಾ? ನನಗಂತೂ ಇಲ್ಲ. ಅರೆಬರೆ ತರಬೇತಿ ಕೊಟ್ಟು ಕಳಿಸಿದವರ, ಎಚ್ಚರಿಕೆ ಬಂದರೂ ಕಿವಿಗೆ ಹಾಕಿಕೊಳ್ಳದವರ ತಪ್ಪು ಎಷ್ಟಿತ್ತು ಅಂತ ಆಗಲೇ ಗೊತ್ತಾಗುವುದು. ನಮ್ಮ ಹೆಣ್ಣುಮಕ್ಕಳನ್ನು ಪರದೆಯ ಮೇಲೆ ದೇವತೆ ಮಾಡಿಬಿಟ್ಟರೆ ಅವರು ಸಹಿಸಿದ್ದು ಲೆಕ್ಕಕ್ಕೇ ಬರುವುದಿಲ್ಲ. ಮತಿಲ್ದ್‌ಗೆ ಮೆಲ್ವಿಲ್ ಒಂದು ಫೋಟೋ ಕೊಟ್ಟರಲ್ಲ, ನೂರ್‌ಗೂ ಯಾರಾದರೂ ಆ ನೋಟ್‌ಬುಕ್ ಕೊಡಬೇಕು.

---

ತುಂಗಾತೀರ (ಪ್ರಶ್ನೆ ಕೇಳಿದವರು), ಭಾನುವಾರ ರಾತ್ರಿ

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ನಿಮ್ಮ ಉತ್ತರಗಳನ್ನೆಲ್ಲ ಇವತ್ತು ಮಧ್ಯಾಹ್ನ ಊಟ ಆದ ಮೇಲೆ ಅಪ್ಪನಿಗೆ ಓದಿ ಹೇಳಿದೆ. ಕ್ಷೌರಿಕನ ಕೋಟಿನ ಮಾತು ಬಂದಾಗ ಅಪ್ಪ ಕೈ ಎತ್ತಿ ನಿಲ್ಲಿಸು ಎಂದರು. ಆಮೇಲೆ ಅವರು ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಅವರನ್ನು ಕೇಳಿಯೇ.

ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ, ಶಿಕಾರಿಪುರ ತಾಲ್ಲೂಕಿನವರು. ಈಸೂರಿಗೆ ನಡೆದು ಹೋಗುವಷ್ಟು ಹತ್ತಿರದ ಹಳ್ಳಿ. 1942ರಲ್ಲಿ ಅಜ್ಜಿಗೆ ಒಂಬತ್ತು ವರ್ಷ. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಅಂತ ನಾವೆಲ್ಲ ಶಾಲೆಯಲ್ಲಿ ಕೂಗಿದ್ದೇವೆ. ಊರಿಗೆ ಊರೇ ಸ್ವತಂತ್ರ ಅಂತ ಸಾರಿಕೊಂಡಿದ್ದು, ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಮಾಡಿದ್ದು, ವೀರಭದ್ರ ದೇವರ ಗುಡಿಯ ಮೇಲೆ ಬಾವುಟ ಹಾರಿಸಿದ್ದು, ಐವರನ್ನು 1943ರ ಮಾರ್ಚ್‌ನಲ್ಲಿ ಗಲ್ಲಿಗೆ ಹಾಕಿದ್ದು. ಇದೆಲ್ಲ ನನಗೂ ಗೊತ್ತಿತ್ತು. ಸೆಪ್ಟೆಂಬರ್ 28ರಂದು ಊರಿಗೆ ಬಂದ ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಇಬ್ಬರೂ ಜನರ ಗುಂಪಿನ ಕೈಯಲ್ಲಿ ಸತ್ತರು ಎಂಬುದನ್ನೂ ಓದಿದ್ದೆ. ಒಂದು ಸಾಲಿನಲ್ಲಿ ಓದಿ ಪುಟ ತಿರುಗಿಸಿದ್ದೆ. ಅವರಿಬ್ಬರೂ ಕನ್ನಡದವರೇ, ಮೈಸೂರು ಸಂಸ್ಥಾನದ ನೌಕರರು.

ಅಪ್ಪ ಹೇಳಿದ್ದು ಇದು. ಪ್ರತಿ ವರ್ಷ ಸ್ವಾತಂತ್ರ್ಯ ದಿನ ಊರವರು ಈಸೂರಿನ ಕಥೆ ಹೇಳುವಾಗ ಅಜ್ಜಿ ಗಲ್ಲಿಗೇರಿದ ಐವರ ಹೆಸರು ಬಂದಾಗ ಕೈ ಮುಗಿಯುತ್ತಿದ್ದರಂತೆ. ಆ ಇಬ್ಬರು ಸತ್ತ ಮಾತು ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರಂತೆ. ಒಂದು ಸಲ ಅಪ್ಪ ಹಿಂದೆಯೇ ಹೋಗಿ ಕೇಳಿದ್ದಾರೆ. “ಅವರ ಮನೆಯಾಗೂ ಸಂಜೆ ದೀಪ ಹಚ್ಚೋರು ಇದ್ರು ಮಗಾ” ಎಂದರಂತೆ ಅಜ್ಜಿ. ಹೋದ ವಾರ ಟವೆಲ್ ಕಂಡಾಗ ಅಪ್ಪನ ಕಾಲು ತಾನಾಗಿ ಹಿತ್ತಲಿಗೆ ನಡೆದಿದೆ. ನನಗೆ ಈ ಮಾತು ಇವತ್ತಿನವರೆಗೂ ಗೊತ್ತಿರಲಿಲ್ಲ.

ಆಮೇಲೆ ಸೈನ್ಯ ಬಂತು. ಗಂಡಸರು ಕಾಡು ಸೇರಿದರು. ಅಜ್ಜಿಯ ಅಪ್ಪನೂ ಓಡಿದರು, ಉಟ್ಟ ಬಿಳಿ ಖಾದಿಯಲ್ಲೇ. ಎಷ್ಟೋ ದಿನ ಆದ ಮೇಲೆ ಒಂದು ರಾತ್ರಿ ಮನೆಗೆ ಬಂದಾಗ ಮೈಮೇಲೆ ಖಾದಿ ಇರಲಿಲ್ಲ. ಕರಿ ಕಂಬಳಿ ಹೊದ್ದಿದ್ದರು, ಕುರಿ ಕಾಯುವವರ ಕಂಬಳಿ. ಯಾರೋ ಕೊಟ್ಟು, ಇದನ್ನು ಹೊದ್ದುಕೊಂಡು ಕುರಿಗಳ ಹಿಂದೆ ನಡಿ ಎಂದಿದ್ದರಂತೆ. ಯಾರು ಅಂತ ಅವರು ಯಾರಿಗೂ ಹೇಳಲಿಲ್ಲ. ಹೇಳಿದರೆ ಕೊಟ್ಟವರಿಗೆ ತೊಂದರೆ. ಬ್ರಿಟಿಷರು ಹೋದ ಮೇಲಾದರೂ ಹೇಳಬಹುದಿತ್ತು, ಆದರೆ ಅಷ್ಟರಲ್ಲಿ ಅವರೇ ಇರಲಿಲ್ಲ. ಆ ಕಂಬಳಿಯನ್ನು ಅಜ್ಜಿ ತವರಿನಿಂದ ತಂದಿದ್ದರು. ಅಪ್ಪ ಚಿಕ್ಕವರಿದ್ದಾಗ ಜ್ವರ ಬಂದರೆ ಅದನ್ನೇ ಹೊದಿಸುತ್ತಿದ್ದರಂತೆ. ಚುಚ್ಚುತ್ತಿತ್ತು ಅಂತ ಅಪ್ಪ ಈಗಲೂ ಕುತ್ತಿಗೆ ಮುಟ್ಟಿಕೊಂಡು ಹೇಳುತ್ತಾರೆ.

ಈಸೂರಿನ ಬಗ್ಗೆ ಒಂದು ಚಿತ್ರ ನೋಡಬೇಕು ಅಂತ ನನಗೆ ಆಸೆ. ಅದರಲ್ಲಿ ಬಾವುಟ ಇರಲಿ, ಐವರು ಇರಲಿ. ಆ ಇಬ್ಬರು ಅಧಿಕಾರಿಗಳ ಮುಖವನ್ನೂ ಹತ್ತಿರದಿಂದ ತೋರಿಸಲಿ, ಅವರು ಬೆಳಿಗ್ಗೆ ಮನೆಯಿಂದ ಹೊರಟಿದ್ದನ್ನೂ ತೋರಿಸಲಿ. ಗುಂಪಿನಲ್ಲಿ ಕೈ ಎತ್ತಿದವನ ಮುಖವನ್ನೂ ತೋರಿಸಲಿ. ಗಾಂಧಿಬಜಾರ್ ಸರ್ ಕೇಳಿದ ಹಾಗೆ, ಅದನ್ನು ಆ ಊರಿನ ಕಡೆಯವರೇ ಮಾಡಲಿ. ಅಪ್ಪನನ್ನೂ ಕೇಳಿದೆ, ಅಂಥ ಚಿತ್ರ ಬಂದರೆ ಪೂರ್ತಿ ನೋಡುತ್ತೀಯಾ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದರು. “ಮಧ್ಯದಾಗೆ ಎದ್ದು ಹೋಗ್ತೀನಿ. ವಾಪಸ್ ಬರ್ತೀನಿ” ಎಂದರು.

ಸಂಜೆ ಕ್ಷೌರದ ಅಂಗಡಿಯ ದೃಶ್ಯವನ್ನು ಮತ್ತೆ ಹಾಕಿಸಿಕೊಂಡು ಎರಡು ಸಲ ನೋಡಿದರು. ಮುಂದಿನ ಭಾನುವಾರ ‘ದಿ ಅಸೆಂಟ್’. ಕೊನೇಸಾಲು ಸರ್, ಒಳ್ಳೆಯ ಸಬ್‌ಟೈಟಲ್ ಇರುವ ಪ್ರತಿ ಎಲ್ಲಿ ಸಿಗುತ್ತದೆ ಅಂತ ದಯವಿಟ್ಟು ತಿಳಿಸಿ. ಅಪ್ಪನಿಗೆ ನಾನು ಸರಿಯಾಗಿ ಹೇಳಬೇಕು.